ಎಡಮಗ್ಗುಲಿನ ಸದ್ದು

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ರಾಯಾಪುರದಲ್ಲಿ ನನ್ನ ಮನೆ ಎಲ್ಲಿ ಎಂದು ಕೇಳಿದರೆ 'ಮಿಲಿಟರಿ ಡಾಕ್ಟರ ಮನಿ ಏನ್ರಿ?' ಎನ್ನುತ್ತಲೇ ಕೈ ಮಾಡಿ ತೋರಿಸುತ್ತಾರೆ. ಸೇನೆಯ ಆಸ್ಪತ್ರೆಗಳಲ್ಲಿ ನಾನು ನರ್ಸಿಂಗ್ ಸಹಾಯಕನಾಗಿದ್ದವನು. ಗಾಯ ತೊಳೆದಿದ್ದೇನೆ, ಬೆಡ್‌ಪ್ಯಾನ್ ಎತ್ತಿದ್ದೇನೆ, ಸತ್ತವರ ಗಲ್ಲ ಕಟ್ಟಿ ಕಣ್ಣು ಮುಚ್ಚಿದ್ದೇನೆ. ಕಡೆಯ ವರ್ಷಗಳನ್ನು ಹೃದಯದ ವಾರ್ಡಿನಲ್ಲಿ ಕಳೆದೆ. ಪಿಂಚಣಿಯಾಗಿ ಊರಿಗೆ ಬಂದ ಮೇಲೆ ಅರ್ಧ ದಿನ ಒಂದು ಔಷಧ ಅಂಗಡಿಯಲ್ಲಿ ಕೂರುತ್ತೇನೆ. ಉಳಿದರ್ಧ ದಿನ ಜನ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಸೇನಾ ಭರ್ತಿಯ ರ‍್ಯಾಲಿಗೆ ಹೋಗುವ ಮುಂಚೆ ಈ ಸುತ್ತಿನ ಹುಡುಗರು ನನ್ನ ಕಟ್ಟೆಗೆ ಬರುತ್ತಾರೆ. ರಾಯಾಪುರದವರಷ್ಟೇ ಅಲ್ಲ, ಹೆಬ್ಬಳ್ಳಿಯಿಂದಲೂ ಬರುತ್ತಾರೆ. ಬನಿಯನ್ನಿನಲ್ಲಿ ಸಾಲಾಗಿ ನಿಲ್ಲಿಸಿ ನೋಡುತ್ತೇನೆ. ಮೊಣಕಾಲು ಒಂದಕ್ಕೊಂದು ತಾಗುತ್ತವೆಯೇ? ಅಂಗಾಲು ಒದ್ದೆ ಮಾಡಿ ಕಡಪಾ ಕಲ್ಲಿನ ಮೇಲೆ ನಿಲ್ಲಿಸಿದರೆ ನಡುವೆ ಬಿಲ್ಲಿನ ಹಾಗೆ ಒಣ ಜಾಗ ಉಳಿಯುತ್ತದೆಯೇ? ಕಿವಿ ಸ್ವಚ್ಛ ಇದೆಯೇ? ಆಮೇಲೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಮುಖಕ್ಕೆ ಹೇಳುತ್ತೇನೆ. ಆಗುವುದಿಲ್ಲ ಎಂದಾಗ ಕೆಲವರು ಅಳುತ್ತಾರೆ. 'ನನ್ನ ಕಟ್ಟಿ ಮ್ಯಾಲೆ ಅತ್ರ ಕಾಲು ನೆಟ್ಟಗ ಆಗ್ತಾವೇನು?' ಎಂದು ಗದರುತ್ತೇನೆ. ನನ್ನ ಬಾಯಿ ಮೊದಲಿನಿಂದಲೂ ಖಾರ. ಆದರೆ ಆ ಕಟ್ಟೆಯ ಮೇಲೆ ನಾನು ಸುಳ್ಳು ಹೇಳಿದ್ದಿಲ್ಲ, ಮತ್ತು ನಾನು ಬೇಡವೆಂದ ಹುಡುಗನನ್ನು ಅವನ ಅಪ್ಪ ಬೆಳಗಾವಿಯ ಬಸ್ಸು ಹತ್ತಲೂ ಬಿಡುವುದಿಲ್ಲ. ಅಷ್ಟು ನಂಬಿಕೆ. ಆ ನಂಬಿಕೆಯಿಂದಲೇ ಎಲ್ಲ ಕೆಟ್ಟಿತು.

ನಮ್ಮ ಓಣಿಯ ತಿರುವಿನಲ್ಲಿ ಒಂದು ಬೈಕ್ ಗ್ಯಾರೇಜು ಇದೆ. ಅದರ ಮಿಸ್ತ್ರಿಗೆ ಒಬ್ಬಳೇ ಮಗಳು. ಧಾರವಾಡದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದಳು. ಬೆಳಗಾಗುವ ಮುಂಚೆ ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ ಓಡುತ್ತಿದ್ದಳು. ನಾಯಿಗಳು ಮೊದಮೊದಲು ಬೆನ್ನಟ್ಟಿ, ಆಮೇಲೆ ಬೇಸತ್ತು ಬಿಟ್ಟಿದ್ದವು. ಒಂದು ದಿನ ಅವಳು ನೆಟ್ಟಗೆ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಚಾಚಾ, ಮಿಲಿಟರಿಗೆ ಹೋಗಲ್ಯೋ ಬ್ಯಾಡೋ? ಕೇಳಿದವ್ರೊಳಗ ಅರ್ಧ ಮಂದಿ ದೇಶಸೇವಾ ಅಂತಾರ, ಅರ್ಧ ಮಂದಿ ಹೆಣ್ಣಹುಡುಗಿ ಅಂತಾರ. ನೀವು ಒಳಗಿದ್ದು ಬಂದವ್ರು. ಖರೇ ಹೇಳ್ರಿ."

ಖರೆ ಕೇಳುವವರು ಕಡಿಮೆ. ನನಗೆ ಖುಷಿಯಾಯಿತು. ವಾರ್ಡಿನಲ್ಲಿ ಯಾರೂ ದೇಶ ಎನ್ನುವ ಮಾತು ಆಡುವುದಿಲ್ಲ, ನೀರು ಕೇಳುತ್ತಾರೆ, ಅವ್ವನನ್ನು ಕೇಳುತ್ತಾರೆ ಎಂದು ಹೇಳಿದೆ. ಸೈನಿಕನ ದಿನದಲ್ಲಿ ಗುಂಡಿಗಿಂತ ಕಾಯುವುದೇ ಜಾಸ್ತಿ ಎಂದೆ. ಚಳಿಯಲ್ಲಿ ಕಾಯುವುದು, ಲೈನಿನಲ್ಲಿ ಕಾಯುವುದು, ರಜೆಗೆ ಕಾಯುವುದು. ಹೆಣ್ಣುಮಕ್ಕಳು ಇನ್ನೂ ಕಡಿಮೆಯಿರುವ ಕಡೆ ಬಚ್ಚಲಿಗೆ ಹೋಗುವುದೂ ಒಂದು ಯೋಜನೆ ಮಾಡಿದ ಹಾಗೆ ಎಂದೆ. ಈಗಿನ ಭರ್ತಿ ನಾಲ್ಕೇ ವರ್ಷದ್ದು, ಅಷ್ಟರೊಳಗೆ ಮದುವೆಯಾಗುವಂತಿಲ್ಲ, ಮುಗಿದ ಮೇಲೆ ಬಹಳಷ್ಟು ಜನರನ್ನು ಮನೆಗೆ ಕಳಿಸುತ್ತಾರೆ ಎಂಬುದು ಅವಳಿಗೆ ಗೊತ್ತೇ ಇತ್ತು.

"ಹೊಳ್ಳಿ ಬಂದ್ರ ಇದ ಓಣಿಗೆ ಬರಬೇಕು" ಎಂದೆ. "ಓಣಿ ಇಷ್ಟ ಇರ್ತೈತಿ. ನೀ ಮಾತ್ರ ಇದರಾಗ ಹಿಡಿಸೂದಿಲ್ಲ."

ಅವಳು ಚಹಾ ಕೆಳಗಿಟ್ಟಳು. "ನಿಮಗೊಬ್ಬಾಕಿ ಮಗಳಿದ್ದಿದ್ರ ಏನಂತಿದ್ರಿ?"

ನಮಗೆ ಮಕ್ಕಳಿಲ್ಲ. ನನ್ನ ಹೆಂಡತಿ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಾಯಿತು.

"ಬೈಕೋಂತನ ಅಂತಿದ್ದೆ, ಆದ್ರ ಹೋಗು ಅಂತಿದ್ದೆ" ಎಂದೆ. "ಇಲ್ಲಿ ನಿನ್ನ ದಿನಾ ಯಾರರ ಅಳೀತಾರ, ಎಷ್ಟು ಇರಬೇಕಂತ ಹೇಳೂದಿಲ್ಲ. ಅಲ್ಲೂ ಅಳೀತಾರ. ಆದ್ರ ಎಷ್ಟು ಬೇಕಂತ ಮೊದಲ ಗ್ವಾಡಿಗೆ ಬರದು ಹಚ್ಚಿರ್ತಾರ."

ಅವಳು ನಕ್ಕಳು. ಭಾನುವಾರ ಅವ್ವನನ್ನು ಕರೆದುಕೊಂಡು ಬಾ, ಉಳಿದ ಹುಡುಗರಿಗೆ ಮಾಡಿದ ಹಾಗೆ ನಿನ್ನನ್ನೂ ನೋಡಿಬಿಡೋಣ ಎಂದು ಹೇಳಿ ಕಳಿಸಿದೆ.

ಶನಿವಾರ ಸಂಜೆ ಅವಳ ಅಪ್ಪ ಬಂದ. ಗ್ರೀಸು ಒರೆಸಿಕೊಳ್ಳುತ್ತ ನಿಂತೇ ಮಾತಾಡಿದ. ಕೆಟ್ಟ ಮನುಷ್ಯನಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮಗಳಿಗೆ ಬೈಕು ಕಲಿಸಿದವನು, ಕಾಲೇಜಿಗೆ ಹಾಕಿದವನು ಅವನೇ. ಆದರೆ ಸೇನೆ ಎಂದಾಕ್ಷಣ ಹೆದರಿಬಿಟ್ಟಿದ್ದ. ಗರಗದ ಕಡೆಯ ಒಂದು ಒಳ್ಳೆಯ ಸಂಬಂಧವೂ ಬಂದಿತ್ತು.

"ಸಾಬ್ರ, ನಾ ಬ್ಯಾಡ ಅಂದ್ರ ಸಾಯೂತನಾ ನನ್ನ ಮಾರಿ ನೋಡೂದಿಲ್ಲ. ನೀವು ಅಂದ್ರ ನಸೀಬು ಅಂತಾಳ, ನಾಕು ದಿನ ಅಳ್ತಾಳ, ಬಿಡ್ತಾಳ. ಕಾಲು ಚಪ್ಪಟಿ ಅನ್ರಿ, ಕಿವಿ ಅನ್ರಿ, ಏನರ ಒಂದು ಕೊರತಿ ತೋರಸ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. "ನನ್ನ ಬಾಯಾಗ ಸುಳ್ಳು ತುರುಕಾಕ ಬಂದೀರೇನು? ಏಳ್ರಿ, ನಡೀರಿ!" ಅವನು ಬೇಸರ ಮಾಡಿಕೊಳ್ಳಲಿಲ್ಲ. 'ನೋಡ್ರಿ, ನಿಮಗ ಬಿಟ್ಟದ್ದು' ಎಂದು ಮುಗುಳ್ನಕ್ಕು ಹೋದ. ಗ್ಯಾರೇಜಿನಲ್ಲಿ ದಿನಾ ಕೂಗಾಡಿ ಕೊನೆಗೆ ಹೂಂ ಅನ್ನುವ ಗಿರಾಕಿಗಳನ್ನು ನೋಡಿದವನು. ನನ್ನನ್ನೂ ಆ ಲೆಕ್ಕಕ್ಕೇ ಸೇರಿಸಿಕೊಂಡ.

ಭಾನುವಾರ ತಾಯಿ ಮಗಳು ಬಂದರು. ಅಪ್ಪ ಗೇಟಿನ ಹೊರಗೆ ಬೈಕಿಗೆ ಒರಗಿ ನಿಂತಿದ್ದ. ಮುಟ್ಟಿ ನೋಡುವುದನ್ನೆಲ್ಲ ನನ್ನ ಹೆಂಡತಿ ಮಾಡಿದಳು, ನಾನು ದೂರ ನಿಂತು ಹೇಳುತ್ತಿದ್ದೆ. ಅಂಗಾಲಿನ ಗುರುತು ಕಲ್ಲಿನ ಮೇಲೆ ಚೆಂದಾಗಿ ಮೂಡಿತು. ಮೊಣಕಾಲು ಸರಿ. ಹೆಣ್ಣುಮಕ್ಕಳನ್ನು ಹೆಚ್ಚಾಗಿ ಮೊಣಕೈ ಹೊರಕ್ಕೆ ಓರೆಯಾಗಿದೆ ಎಂದು ವಾಪಸು ಕಳಿಸಿಬಿಡುತ್ತಾರೆ, ಇವಳದು ಅದೂ ಸರಿ ಇತ್ತು. ಕಣ್ಣು, ಕಿವಿ, ಹಲ್ಲು ಎಲ್ಲ ನೋಡಿದೆವು. ನನಗೆ ಒಳಗೊಳಗೇ ಹೆಮ್ಮೆ. ಗೇಟಿನ ಕಡೆ ನೋಡಿ, ಹೇಗೆ ಎನ್ನುವ ಹಾಗೆ ಹುಬ್ಬು ಕೂಡ ಹಾರಿಸಿದೆ. ಕಡೆಗೆ ಸ್ಟೆಥಸ್ಕೋಪು. ಹುಡುಗರ ಎದೆಗೆ ಅದನ್ನು ಇಡುವುದು ಬಹುಮಟ್ಟಿಗೆ ಶಿಸ್ತಿಗೆ. ಇವಳ ಎದೆಯಲ್ಲಿ ಮೊದಲ ಬಡಿತ ಇರಬೇಕಾದದ್ದಕ್ಕಿಂತ ಜೋರಾಗಿ ಬಂತು.

ಅಂಗಳದಲ್ಲಿ ಸ್ವಲ್ಪ ಜಿಗಿಯಲು ಹೇಳಿದೆ. ಆಮೇಲೆ ಹೆಂಡತಿಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿದೆ. ಫ್ಯಾನು ಬಂದ್ ಮಾಡಿಸಿದೆ. ಎರಡು ಬಡಿತಗಳ ನಡುವೆ, ಎಲ್ಲ ಸುಮ್ಮನಿರಬೇಕಾದ ಜಾಗದಲ್ಲಿ, ದೂರದ ಹಿಟ್ಟಿನ ಗಿರಣಿಯ ಹಾಗೆ ತಗ್ಗಿದ ಗರಗರ ಸದ್ದು. ನನ್ನ ವಾರ್ಡಿನಲ್ಲಿ ಅದನ್ನು ಎಷ್ಟು ಎದೆಗಳಲ್ಲಿ ಕೇಳಿದ್ದೆನೋ. ಮತ್ತೆ ಮತ್ತೆ ಇಟ್ಟು ಕೇಳಿದೆ. ಇರಬಾರದು ಎಂದು ಕೇಳಿದೆ. ಇತ್ತು.

"ಸಣ್ಣಾಕಿ ಇದ್ದಾಗ ಜ್ವರ ಬಂದು ಮಣಕಾಲು ಬಾತಿದ್ದುವೇನ್ರಿ?" ಎಂದು ತಾಯಿಯನ್ನು ಕೇಳಿದೆ.

"ಹೌದ್ರಿ. ಒಂದು ಇಳದ್ರ ಇನ್ನೊಂದು ಬಾವ್ತಿತ್ತು. ಭಾಳ ದಿನ ಸಾಲಿ ಬಿಡಿಸಿದ್ವಿ. ಆಮ್ಯಾಲೆ ತಾನ ಆರಾಮಾತು."

ತಾನೇ ಆರಾಮಾಗಿರಲಿಲ್ಲ. ಆ ಜ್ವರ ಕೀಲು ಬಿಟ್ಟು ಎದೆಗೆ ಹೋಗಿ ಕೂತಿತ್ತು. ನಾನು ಒರಟಾಗಿ ಹೇಳಿದೆನೋ ಮೆತ್ತಗೆ ಹೇಳಿದೆನೋ ನೆನಪಿಲ್ಲ. ಎದೆಯೊಳಗೆ ರಕ್ತ ದಾಟುವ ಒಂದು ಬಾಗಿಲು ಕಿರಿದಾಗಿದೆ, ನಾಳೆಯೇ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿ, ಔಷಧ ಇದೆ, ಬಾಗಿಲು ಅಗಲ ಮಾಡುವ ದಾರಿಯೂ ಇದೆ, ಇವತ್ತಿನಿಂದ ಓಟ ಬಂದ್, ಭರ್ತಿಯ ಮಾತು ಮರೆತುಬಿಡಿ. ಇಷ್ಟು ಹೇಳಿದೆ.

ಹುಡುಗಿ ಎದ್ದು ಕೂತು ದುಪಟ್ಟಾ ಸರಿ ಮಾಡಿಕೊಂಡಳು. ಕಿಟಕಿಯಿಂದ ಗೇಟಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅಪ್ಪ ಹಿಂದಿನ ಸಂಜೆ ಯಾಕೆ ಬಂದಿದ್ದ ಎಂಬುದು ಅವಳಿಗೆ ಗೊತ್ತಿತ್ತು. ನನ್ನ ಗಂಟಲೇ ಓಣಿಗೆ ಸಾರಿತ್ತಲ್ಲ.

"ಶಾಣ್ಯಾ ಅದೀರಿ ಚಾಚಾ" ಎಂದಳು. "ಕಾಲು ಚಪ್ಪಟಿ ಅಂದಿದ್ರ ನಾನೂ ಬಗ್ಗಿ ನೋಡ್ತಿದ್ದೆ. ಎದಿ ಒಳಗಿಂದು ಯಾರಿಗೆ ಕಾಣ್ತೈತ್ರಿ?"

ನಾನು ಬಾಯಿ ತೆರೆಯುವುದರೊಳಗೆ ಚಪ್ಪಲಿ ಮೆಟ್ಟಿ ಹೋಗಿಯೇಬಿಟ್ಟಳು. ತಾಯಿ ಹಿಂದೆ ಓಡಿದಳು. ಅಪ್ಪ ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು.

"ಭಾಳ ದೊಡ್ಡ ಉಪಕಾರ ಮಾಡಿದ್ರಿ ಸಾಬ್ರ."

"ಉಪಕಾರ ಅಲ್ಲೋ ಮಾರಾಯಾ, ಖರೇ ಐತಿ! ಆಕಿ ಎದಿ ಖರೇನ ಕೆಟ್ಟೈತಿ!" ಎಂದು ಕಿರುಚಿದೆ.

ಅವನು ಗಂಭೀರವಾಗಿ ತಲೆಯಾಡಿಸಿದ. ಹೂಂ, ಹಿಂಗ ಜೋರ್ಲೆ ಹೇಳ್ರಿ, ಆಕಿ ಇನ್ನೂ ದೂರ ಹೋಗಿಲ್ಲ ಎನ್ನುವ ಹಾಗೆ. ನನಗೆ ಗೋಡೆಗೆ ತಲೆ ಹೊಡೆದುಕೊಳ್ಳಬೇಕೆನಿಸಿತು.

ಮುಂದಿನ ದಿನಗಳಲ್ಲಿ ಎಷ್ಟು ಸಲ ಗ್ಯಾರೇಜಿಗೆ ಹೋದೆನೋ. ಗಿರಾಕಿಗಳ ಮುಂದೆ ಹೇಳಿದೆ, ಬದಿಗೆ ಕರೆದು ಹೇಳಿದೆ, ಕುರಾನಿನ ಮೇಲೆ ಆಣೆ ಮಾಡುತ್ತೇನೆ ಎಂದೆ. 'ನನ್ನ ಮಗಳ ಸಲುವಾಗಿ ಅಷ್ಟು ದೊಡ್ಡ ಆಣಿ ಬ್ಯಾಡ್ರಿ ಸಾಬ್ರ' ಎಂದು ಅವನು ಪ್ರೀತಿಯಿಂದಲೇ ನನ್ನ ಕೈ ಹಿಡಿದ. ತಾಯಿಗೆ ಒಂದು ಅನುಮಾನ ಹುಟ್ಟಿತ್ತು, ನನ್ನ ಹೆಂಡತಿಯ ಹತ್ತಿರ ಬಂದು 'ಖರೇ ಏನ್ರೀ ಅಕ್ಕಾ?' ಎಂದು ಕೇಳಿದಳು. ಖರೇ ಎಂದು ನನ್ನ ಹೆಂಡತಿ ಅಳುತ್ತಲೇ ಹೇಳಿದಳು. ಆದರೆ ಮನೆಗೆ ಹೋದಮೇಲೆ ಗಂಡ ನಕ್ಕನಂತೆ. 'ಹೇಳಿಸಿದಾಂವ ನಾನ ಅದೇನಿ, ನನಗ ಗೊತ್ತಿಲ್ಲೇನು?' ಎಂದನಂತೆ. ಅಲ್ಲಿಗೆ ಮುಗಿಯಿತು.

ಹುಡುಗಿ ಓಡುವುದನ್ನು ಬಿಡಲಿಲ್ಲ. ಮೊದಲು ಹಿಂದಿನ ರಸ್ತೆಯಲ್ಲಿ ಓಡುತ್ತಿದ್ದವಳು ಈಗ ಬೇಕೆಂದೇ ನಮ್ಮ ಮನೆಯ ಮುಂದೆ ಓಡತೊಡಗಿದಳು. ಕಿಟಕಿಯ ಹತ್ತಿರ ಬಂದಾಗ ಹೆಜ್ಜೆ ಜೋರಾಗುತ್ತಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಅವಳ ಉಸಿರನ್ನಷ್ಟೇ ಕೇಳುತ್ತಿದ್ದೆ. ಒಂದು ದಿನ ತಡೆಯಲಾರದೆ ರಸ್ತೆಗೆ ಅಡ್ಡ ನಿಂತೆ. ನಿಂತಳು. ಕಂಪೌಂಡಿಗೆ ಕೈ ಊರಿದಳು. ನೀಲಿಗಟ್ಟಿದ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ.

"ರಾತ್ರಿ ಕೆಮ್ಮು ಬರ್ತೈತೇನವಾ?"

"ಇಲ್ರಿ." ನೆಟ್ಟಗೆ ನನ್ನ ಕಣ್ಣು ನೋಡಿ ಹೇಳಿದಳು. ಅಷ್ಟು ನೆಟ್ಟಗೆ ನೋಡಿ ನಿಜ ಹೇಳುವವರನ್ನು ನಾನು ವಾರ್ಡಿನಲ್ಲಿ ಕಂಡಿಲ್ಲ.

ರ‍್ಯಾಲಿಗೆ ಅವಳು ಗೆಳತಿಯ ಊರಿಗೆಂದು ಹೇಳಿ ಹೋದಳು. ಓಟದಲ್ಲಿ ಪಾಸಾದಳು. ಈಗಲೂ ಅದು ನನಗೆ ಅರ್ಥವಾಗುವುದಿಲ್ಲ, ಆ ಎದೆಯನ್ನು ಹೊತ್ತುಕೊಂಡು ಅವಳು ಹೇಗೆ ಮುಟ್ಟಿದಳೋ. ಆದರೆ ವೈದ್ಯಕೀಯ ತಪಾಸಣೆಯಲ್ಲಿ ಅಲ್ಲಿಯ ಡಾಕ್ಟರು ಸ್ಟೆಥಸ್ಕೋಪು ಇಟ್ಟವರು ತೆಗೆಯಲಿಲ್ಲವಂತೆ. ವಾಪಸು ಕಳಿಸಿದರು. ಸುದ್ದಿ ಕೇಳಿ ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷವಾಯಿತು. ಇನ್ನಾದರೂ ನಂಬುತ್ತಾರೆ ಎಂದುಕೊಂಡೆ.

ಮರುದಿನ ಅಪ್ಪ ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಬಂದ.

"ಅಲ್ಲೀ ತನಕ ಫೋನ್ ಹಚ್ಚಿದ್ರಲ್ರಿ ಸಾಬ್ರ! ನಿಮ್ಮ ಕೈ ಇಷ್ಟು ಉದ್ದ ಐತಿ ಅಂತ ಗೊತ್ತಿರಲಿಲ್ಲ."

ನನ್ನ ಫೋನನ್ನು ಪಿಂಚಣಿ ಕಚೇರಿಯವರೇ ಎತ್ತುವುದಿಲ್ಲ. ನಾನು ಸೇನೆಯ ಡಾಕ್ಟರಿಗೆ ಹೇಳಿ ಒಬ್ಬ ಹುಡುಗಿಯನ್ನು ಹೊರಗೆ ಹಾಕಿಸಿದೆನೆಂದು ಇಡೀ ಓಣಿ ನಂಬಿತು. ಗೊನೆಯನ್ನು ಹೊರಗೆ ಎಸೆದೆ. ಅದನ್ನೂ ಅವನು ದೊಡ್ಡಸ್ತಿಕೆ ಎಂದುಕೊಂಡು ಹೆಕ್ಕಿ ಪಕ್ಕದ ಮನೆಗೆ ಕೊಟ್ಟ. ಹುಡುಗಿ ಆಮೇಲೆ ನಮ್ಮ ಮನೆಯ ಮುಂದೆ ಓಡಲಿಲ್ಲ. ಎಲ್ಲಿಯೂ ಓಡಲಿಲ್ಲ. ದಾರಿಯಲ್ಲಿ ಸಿಕ್ಕರೆ ದುಪಟ್ಟಾದ ಅಂಚು ನೋಡುತ್ತ ಹೋಗುತ್ತಿದ್ದಳು.

ಗರಗದ ಸಂಬಂಧ ಗಟ್ಟಿಯಾಯಿತು. ಆಗ ನನಗೆ ನಿಜವಾದ ಭಯ ಹಿಡಿಯಿತು. ಓಟ ನಿಂತರೆ ಅಂಥ ಎದೆ ವರ್ಷಗಟ್ಟಲೆ ಸುಮ್ಮನಿರಬಹುದು. ಬಸುರಾದರೆ ಇರುವುದಿಲ್ಲ. ರಕ್ತ ಹೆಚ್ಚುತ್ತದೆ, ಬಾಗಿಲು ಅಷ್ಟೇ ಇರುತ್ತದೆ, ನೀರು ಪುಪ್ಪುಸಕ್ಕೆ ಇಳಿಯುತ್ತದೆ. ವಾರ್ಡಿನಲ್ಲಿ ಜವಾನರ ಎಳೆಯ ಹೆಂಡಂದಿರನ್ನು ಹಾಗೆ ನೋಡಿದ್ದೇನೆ. ಗಂಡಿನ ಮನೆಗೆ ಹೋಗಿ ಹೇಳಿಬಿಡುತ್ತೇನೆ ಎಂದು ಹೊರಟವನನ್ನು ನನ್ನ ಹೆಂಡತಿ ತಡೆದಳು. ಮದುವೆ ಮುರಿದರೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ, ಮೂಲೆಗೆ ಕೂರಿಸುತ್ತಾರೆ ಎಂದಳು. ಹಾಗಾಗಿ ಗ್ಯಾರೇಜಿಗೇ ಹೋದೆ. ಮದುವೆಗೆ ಮುಂಚೆ ಒಮ್ಮೆ ತೋರಿಸಿ, ನಾನೇ ಜೊತೆಗೆ ಬರುತ್ತೇನೆ, ಬಸುರಾದರೆ ಆ ಎದೆ ತಡೆಯುವುದಿಲ್ಲ ಎಂದು ಕೈಮುಗಿದೆ.

ಅವನು ಮೊದಲ ಸಲ ಮುಖ ಗಂಟು ಹಾಕಿದ. ಸುತ್ತ ನೋಡಿ ದನಿ ತಗ್ಗಿಸಿದ.

"ಸಾಬ್ರ, ಇನ್ನ ಸಾಕ್ರಿ. ಈ ಮಾತು ಗರಗಕ್ಕ ಮುಟ್ಟಿದ್ರ ನನ್ನ ಮಗಳು ಮನ್ಯಾಗ ಕುಂದ್ರತಾಳ. ನನ್ನ ಸಲುವಾಗಿ ಹೇಳಿದ ಸುಳ್ಳು, ನನ್ನ ಸಲುವಾಗಿನ ಬಿಟ್ಟಬಿಡ್ರಿ."

ಮದುವೆಗೆ ಹೋದೆವು. ಉಂಡೆವು. ಹುಡುಗಿ ಚೆಂದ ಕಾಣುತ್ತಿದ್ದಳು, ಕೆನ್ನೆ ಕೆಂಪಗಿದ್ದವು. ಎಷ್ಟು ಲಕ್ಷಣ ಎಂದು ಹೆಂಗಸರು ಹೊಗಳಿದರು. ಆ ಕೆಂಪು ಕೆಟ್ಟ ಎದೆಯದು ಎಂದು ಗೊತ್ತಿದ್ದ ನಾನು ಬೇಗ ಎದ್ದು ಕೈ ತೊಳೆದೆ.

ಮುಂದೇನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವ ವಿಷಯ ಇದಲ್ಲ. ಹುಡುಗಿ ಉಳಿದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದಳು, ತೊಡೆಯ ನರದಿಂದ ತಂತಿ ಹಾಕಿ ಎದೆಯ ಆ ಬಾಗಿಲನ್ನು ಅಗಲ ಮಾಡಿದರು. ಕೂಸು ಹೊತ್ತಿಗೆ ಮುಂಚೆ ಹುಟ್ಟಿತು, ಉಳಿಯಲಿಲ್ಲ. ಗಂಡು ಕೂಸು. ಅವಳೀಗ ತವರಿನಲ್ಲೇ ಇದ್ದಾಳೆ, ಗರಗದವರು ಇನ್ನೂ ಕರೆಯಲು ಬಂದಿಲ್ಲ. ಭರ್ತಿಯ ವಯಸ್ಸು ದಾಟಿದೆ. ಆದರೆ ನಾನು ಬರೆಯಲು ಕೂತದ್ದು ಆಸ್ಪತ್ರೆಗೆ ಹೋಗುವ ಮುಂಚಿನ ಒಂದು ಮಧ್ಯಾಹ್ನದ ಸಲುವಾಗಿ.

ಬಾಣಂತನಕ್ಕೆಂದು ಅವಳನ್ನು ತವರಿಗೆ ಕರೆತಂದಿದ್ದರು. ಇನ್ನೂ ದಿನ ಬಹಳ ಇದ್ದವು. ಬಿಸಿಲಿನಲ್ಲಿ ಗೋಡೆ ಹಿಡಿದುಕೊಂಡು ಒಬ್ಬಳೇ ನಮ್ಮ ಮನೆಗೆ ಬಂದಳು. ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಮಾತು ತುಂಡುತುಂಡಾಗಿ ಬರುತ್ತಿತ್ತು.

"ಚಾಚಾ, ಮಕ್ಕೊಂಡ್ರ ಉಸಿರಾಡಾಕ ಆಗವಲ್ದು. ಕುಂತ ನಿದ್ದಿ ಮಾಡಾಕತ್ತೇನಿ. ಒಮ್ಮೆ ನೋಡ್ರಿ."

ಹೆಂಡತಿ ಅವಳನ್ನು ಒಳಗೆ ಕರೆತಂದು ಎಡಕ್ಕೆ ಒರಗಿಸಿದಳು. ಸ್ಟೆಥಸ್ಕೋಪು ಇಟ್ಟೊಡನೆ ಕೇಳಿತು. ಹುಡುಕಬೇಕಾಗಿರಲಿಲ್ಲ. ಬೆನ್ನಿಗೆ ಇಟ್ಟರೆ ಕೆಳಗೆಲ್ಲ ನೀರಿನ ಚಿಟಪಟ. ಈಗಲೇ ಆಸ್ಪತ್ರೆಗೆ ಎಂದೆ.

"ನನಗ ಗೊತ್ತಿತ್ತು" ಎಂದಳು. "ಓಡುವಾಗ ಗೊತ್ತಾಗ್ತಿತ್ತು. ಅಲ್ಲಿ ಡಾಕ್ಟರೂ ನೀವು ಅಂದದ್ದನ್ನ ಅಂದ್ರು."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲವಾ?"

"ಯಾರಿಗೆ ಹೇಳ್ಲಿ? ಅಪ್ಪಗ? ಅದು ಸುಳ್ಳು ಅಂತ ಅವಗ ನನಗಿಂತ ಮೊದಲ ಗೊತ್ತಿತ್ತಲ್ರಿ."

ಅವಳನ್ನು ಹುಡುಕಿಕೊಂಡು ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಾನು ಬೈಯಲೆಂದು ಎದ್ದೆ. ಅವನು ನನ್ನನ್ನು ದಾಟಿ ಒಳಗೆ ಬಂದು ಕೈ ಚಾಚಿದ. "ಕೊಡ್ರಿ ಇಲ್ಲೆ."

ಕೊಟ್ಟೆ. ಅದನ್ನು ಕಿವಿಗೆ ಹೇಗೆ ಹಾಕಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ, ನನ್ನ ಹೆಂಡತಿ ತಿರುಗಿಸಿ ಹಾಕಿದಳು, ಬಿಲ್ಲೆಯನ್ನು ಹುಡುಗಿಯ ಎದೆಯ ಮೇಲೆ ಒತ್ತಿ ಹಿಡಿದಳು. ಅವನು ಕಣ್ಣು ಮುಚ್ಚಿದ. ಗ್ಯಾರೇಜಿನಲ್ಲಿ ಓಡುವ ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಕೆಗೆ ಕಿವಿ ಹಚ್ಚಿ ಅವನು ಹೀಗೆಯೇ ಕೂರುತ್ತಾನೆ. ಹುಬ್ಬಳ್ಳಿಯಿಂದಲೂ ಜನ ಬೈಕು ತಳ್ಳಿಕೊಂಡು ಬರುವುದು ಆ ಕಿವಿಗಾಗಿ. ಅದನ್ನು ನಾನು ನೂರು ಸಲ ನೋಡಿದ್ದೆ. ಅವನು ಬಹಳ ಹೊತ್ತು ಕೇಳಿದ. ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ, ಅವನ ಮುಖದ ರಕ್ತ ಇಳಿಯುತ್ತ ಹೋದದ್ದು ಕಾಣಿಸಿತು.

ಸ್ಟೆಥಸ್ಕೋಪು ತೆಗೆದು ನನ್ನ ಕೈಗೆ ಕೊಟ್ಟ.

"ಇದು ಅವತ್ತೂ ಇತ್ತೇನ್ರಿ?"

"ಇತ್ತು. ಇದಕ್ಕಿಂತ ಸಣ್ಣಗಿತ್ತು."

"ಸಣ್ಣಗಿದ್ರೂ ನನಗ ಕೇಳ್ತಿತ್ತು" ಎಂದ. "ಅಷ್ಟು ಸರತಿ ಬಂದು ಬಾಯಿಲೆ ಹೇಳಿದ್ರಿ. ಒಮ್ಮೆ ಇದನ್ನ ತಂದು ನನ್ನ ಕಿವಿಗೆ ಯಾಕ ಹಚ್ಚಲಿಲ್ರಿ ಸಾಬ್ರ?"

ಹಾಗೆಂದವನೇ ಬರಿಗಾಲಲ್ಲೇ ಆಟೋ ತರಲು ರಸ್ತೆಗೆ ಓಡಿದ.